ಒಳಕ್ಕೆ ತೆರೆಯುವ ಕದ

ಕೋಟೆಯ ಬಾಗಿಲುಗಳನ್ನು ಕುರಿತು ಚರಿತ್ರಕಾರರು ಬೇಕಾದಷ್ಟು ಬರೆದಿದ್ದಾರೆ. ಯಾವ ಬಾಗಿಲನ್ನು ಯಾರು ಕಟ್ಟಿಸಿದರು, ಯಾವುದನ್ನು ಯಾರು ಮುರಿದರು ಎಂಬುದಕ್ಕೆಲ್ಲ ಶಾಸನಗಳುಂಟು, ಬಖೈರುಗಳುಂಟು, ಲಾವಣಿಗಳುಂಟು. ಆದರೆ ಒಬ್ಬ ಸಾಮಾನ್ಯ ಒಕ್ಕಲಿಗನು ಮನೆ ಕಟ್ಟುವಾಗ ತನ್ನ ತಲೆಬಾಗಿಲ ಕದ ಒಳಕ್ಕೆ ತೆರೆಯಬೇಕೋ ಹೊರಕ್ಕೆ ತೆರೆಯಬೇಕೋ ಎಂಬುದನ್ನು ಹೇಗೆ ನಿರ್ಧರಿಸಿದ ಎಂದು ಬರೆದಿಟ್ಟವರು ವಿರಳ. ಬರೆಯುವಷ್ಟು ದೊಡ್ಡ ವಿಷಯವೆಂದು ತೋರಿರಲಾರದು. ಆದರೂ ದಿನಕ್ಕೆ ಹತ್ತು ಸಲ ಕೈ ತಾಕುವ ವಸ್ತುವಿನಲ್ಲಿ ಒಂದು ಸೀಮೆಯ ಚರಿತ್ರೆ ಅಡಗಿಕೊಂಡಿರಬಹುದು ಎಂಬುದನ್ನು ಅಲ್ಲಗಳೆಯಲಾಗದು.

ರಜೆಯ ದಿನಗಳಲ್ಲಿ ಊರೂರು ತಿರುಗಿ ಆಡುಮಾತಿನ ಶಬ್ದಗಳನ್ನು ಗುರುತು ಹಾಕಿಕೊಳ್ಳುವುದು ನನ್ನ ಹವ್ಯಾಸ. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಹಾಗೆ ತಿರುಗುವಾಗ ಮನೆಯ ಭಾಗಗಳ ಹೆಸರುಗಳನ್ನು ಕೇಳುತ್ತ ಹೋದೆ: ತಲೆಬಾಗಿಲು, ಬಾಗಿಲುವಾಡ, ಹೊಸ್ತಿಲು, ಅಗುಳಿ, ಚಿಲಕ, ಲಾಳಮುಂಡಿಗೆ. ಹೆಸರು ಕೇಳುವವನು ವಸ್ತುವನ್ನೂ ನೋಡಬೇಕಾಗುತ್ತದೆ. ನೋಡುತ್ತ ನೋಡುತ್ತ ಒಂದು ಸಂಗತಿ ಮನಸ್ಸಿಗೆ ಹತ್ತಿತು. ಮಣ್ಣಿನ ಮಾಳಿಗೆಯ ಬಡಮನೆಯಾಗಲಿ, ಗೌಡರ ಕಲ್ಲುಕಟ್ಟಡದ ದೊಡ್ಡಮನೆಯಾಗಲಿ, ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರ ಮಗ್ಗದ ಮನೆಯಾಗಲಿ, ನಾನು ಕಂಡ ಹಳೆಯ ಮನೆಗಳಲ್ಲಿ ತಲೆಬಾಗಿಲ ಕದ ಒಳಕ್ಕೇ ತೆರೆಯುತ್ತದೆ. ಜಾತಿಯಲ್ಲಿ, ದೇವರಲ್ಲಿ, ಮನೆಮಾತಿನಲ್ಲಿ ಇಷ್ಟೊಂದು ಭೇದಗಳಿರುವ ಸೀಮೆಯಲ್ಲಿ ಈ ಒಂದು ವಿಷಯದಲ್ಲಿ ಒಮ್ಮತ! ಇದು ಎಲ್ಲಿಂದ ಬಂತು? ಇಂದಿಗೂ ಇದು ಸಲ್ಲುವುದೇ? ಈ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇನೆ.

ಈ ಸೀಮೆಯಲ್ಲಿ ಉಳಿದು ಬಂದಿರುವ ಅತಿ ಹಳೆಯ ಬಾಗಿಲು ಬದುಕಿದವರದಲ್ಲ, ಸತ್ತವರದು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಹೆಸರನ್ನು ಕೇಳದ ಚರಿತ್ರೆಯ ವಿದ್ಯಾರ್ಥಿಯಿಲ್ಲ, ಬಿ. ಎಲ್. ರೈಸ್ ಅವರು 1892ರಲ್ಲಿ ಅಶೋಕನ ಶಾಸನಗಳನ್ನು ಕಂಡುಹಿಡಿದದ್ದು ಅಲ್ಲಿಯೇ. ಅದೇ ಬ್ರಹ್ಮಗಿರಿಯ ತಪ್ಪಲಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಅಗೆತ ನಡೆಸಿ ಬೃಹತ್ ಶಿಲಾಗೋರಿಗಳನ್ನು ಪರೀಕ್ಷಿಸಿದರು. ನಾಲ್ಕು ಕಲ್ಲುಚಪ್ಪಡಿಗಳನ್ನು ಒಂದರ ಬೆನ್ನಿಗೊಂದು ಆತುಕೊಳ್ಳುವಂತೆ ನಿಲ್ಲಿಸಿ ಮಾಡಿದ ಪೆಟ್ಟಿಗೆಯಂಥ ಕೋಣೆ. ಮೂಡಲ ಕಡೆಯ ಚಪ್ಪಡಿಯಲ್ಲಿ ಕೊರೆದ ಒಂದು ದುಂಡು ಕಂಡಿ. ಅಸ್ಥಿಗಳನ್ನೂ ಮಡಕೆಗಳನ್ನೂ ಒಳಗಿಡಲು ಅದೇ ದಾರಿ. ಇಟ್ಟಾದ ಮೇಲೆ ಆ ಕಂಡಿಗೆ ಹೊರಗಡೆಯಿಂದ ಒಂದು ಸಣ್ಣ ಚಪ್ಪಡಿಯನ್ನು ಒರಗಿಸುತ್ತಿದ್ದರು. ಕನ್ನಡನಾಡಿನ ಹಲವು ಕಡೆ ಇಂಥ ಗೋರಿಗಳನ್ನು ಜನ ‘ಮೋರಿಯರ ಮನೆ’ ಎಂದು ಕರೆಯುವುದುಂಟು. ಮನೆ ಎಂಬ ಹೆಸರು ಒಪ್ಪುತ್ತದೆ. ಗೋಡೆಯಿದೆ, ಮುಚ್ಚಿಗೆಯಿದೆ, ಬಾಗಿಲಿದೆ. ವ್ಯತ್ಯಾಸ ಒಂದೇ. ಬದುಕಿದವನು ತನ್ನ ಬಾಗಿಲನ್ನು ತಾನೇ ಒಳಗಿನಿಂದ ಮುಚ್ಚಿಕೊಳ್ಳುತ್ತಾನೆ. ಸತ್ತವನ ಬಾಗಿಲನ್ನು ಉಳಿದವರು ಹೊರಗಿನಿಂದ ಮುಚ್ಚುತ್ತಾರೆ. ಕದ ಯಾವ ಕಡೆಗಿರಬೇಕೆಂಬ ಪ್ರಶ್ನೆಯ ತಿರುಳೂ ಇದೇ: ಮುಚ್ಚುವವನು ಯಾರು, ಎಲ್ಲಿ ನಿಂತಿದ್ದಾನೆ?

ಇನ್ನು ಬದುಕಿದವರ ಬಾಗಿಲಿಗೆ ಬರೋಣ. ಈ ಬಯಲಿನಲ್ಲಿ ಊರಿಗಿಂತ ಹಟ್ಟಿ ಹಳೆಯದು. ಮ್ಯಾಸಬೇಡರ ಹಟ್ಟಿಗಳು, ಕಾಡುಗೊಲ್ಲರ ಹಟ್ಟಿಗಳು ದನಕುರಿಗಳ ಸುತ್ತ ಬೆಳೆದ ನೆಲೆಗಳು. ಅಲ್ಲಿ ಮೊದಲ ರಕ್ಷಣೆ ಗೋಡೆಯಲ್ಲ, ಮುಳ್ಳು. ಹಟ್ಟಿಯ ಸುತ್ತ ಮುಳ್ಳಿನ ಬೇಲಿ, ಅದಕ್ಕೊಂದು ತೆರಪು. ಆ ತೆರಪಿಗೆ ಕದವಿಲ್ಲ, ಕೀಲಿಲ್ಲ. ಸಂಜೆ ಮಂದೆ ಒಳಗಾದ ಮೇಲೆ ಒಳಗಿದ್ದವನು ಮುಳ್ಳುಕಂಪೆಯ ಕಟ್ಟೊಂದನ್ನು ಕವೆಗೋಲಿನಿಂದ ತೆರಪಿಗೆ ಎಳೆದುಕೊಂಡರೆ ಮುಗಿಯಿತು. ಮುಳ್ಳು ಕೈಗೆ ಸಿಕ್ಕದ ವಸ್ತು. ಹೊರಗಿನವನು ಅದನ್ನು ಎಳೆಯಲಾರ, ತಳ್ಳಲಾರ. ಚಳ್ಳಕೆರೆ ತಾಲ್ಲೂಕಿನ ಕ್ಯಾತೇದೇವರ ಪರಿಷೆಯಲ್ಲಿ ಕಾಡುಗೊಲ್ಲರು ದೇವರಿಗೇ ಮುಳ್ಳಿನ ಗುಡಿ ಕಟ್ಟಿ, ಬರಿಗಾಲಿನಲ್ಲಿ ಆ ಮುಳ್ಳು ತುಳಿದು ಏರಿ ಕಳಶ ಇಳಿಸುವುದನ್ನು ನೋಡಿದವರಿಗೆ ಈ ಜನಕ್ಕೂ ಮುಳ್ಳಿಗೂ ಇರುವ ನಂಟನ್ನು ಬೇರೆ ಹೇಳಬೇಕಾಗಿಲ್ಲ. ಕೀಲಿಲ್ಲದ ಈ ಬಾಗಿಲಿನಲ್ಲಿಯೂ ಮುಚ್ಚುವ ಅಧಿಕಾರ ಒಳಗಿದ್ದವನದೇ ಎಂಬುದನ್ನು ಗಮನಿಸಬೇಕು.

ಮುಳ್ಳು ಹೋಗಿ ಕಲ್ಲು ಬಂದಾಗ ಈ ಅಧಿಕಾರವೇ ಕದದ ರೂಪ ತಾಳಿತು. ಹಳೆಯ ಕದಗಳಿಗೆ ಇಂದಿನ ಹಾಗೆ ಕಬ್ಬಿಣದ ತಿರುಪು ಕೀಲುಗಳಿರಲಿಲ್ಲ. ಕದದ ಒಂದು ಅಂಚಿನ ಹಲಗೆಯನ್ನೇ ಮೇಲೆ ಕೆಳಗೆ ಗೂಟದಂತೆ ಚಾಚಿ ಬಿಟ್ಟು, ಆ ಗೂಟಗಳನ್ನು ಚೌಕಟ್ಟಿನ ಹಿಂದೆ ಕೊರೆದ ಕುಳಿಗಳಲ್ಲಿ ಕೂರಿಸುತ್ತಿದ್ದರು. ಮರದ ಕದ ಗೆದ್ದಲು ತಿಂದು ಹೋದರೂ ಕಲ್ಲಿನ ಕುಳಿ ಹೋಗುವುದಿಲ್ಲ. ಪಾಳುಬಿದ್ದ ಬಾಗಿಲ ಮುಂದೆ ನಿಂತು ಕುಳಿ ಬಾಗಿಲುವಾಡದ ಯಾವ ಮಗ್ಗುಲಲ್ಲಿದೆ ಎಂದು ನೋಡಿದರೆ, ಇಲ್ಲದ ಕದ ಯಾವ ಕಡೆಗೆ ತೆರೆಯುತ್ತಿತ್ತೆಂದು ಹೇಳಬಹುದು. ಚಿತ್ರದುರ್ಗದ ಏಳು ಸುತ್ತಿನ ಕೋಟೆಯ ಬಾಗಿಲುಗಳಲ್ಲಿ ಈ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು. ಕುಳಿಗಳಿರುವುದು ಒಳಮಗ್ಗುಲಲ್ಲಿ. ಅಲ್ಲಲ್ಲಿ ಪಕ್ಕದ ಗೋಡೆಯೊಳಗೆ ಒಂದು ಚೌಕನೆಯ ಬಿಲವೂ ಉಂಟು. ಕದದ ಹಿಂದೆ ಅಡ್ಡಲಾಗಿ ಎಳೆಯುವ ತೊಲೆಯನ್ನು ಹಗಲು ಸೇರಿಸಿಡುವ ಜಾಗ ಅದು. ಮನೆಯ ಲಾಳಮುಂಡಿಗೆಯು ಈ ಕೋಟೆಯ ತೊಲೆಯ ತಮ್ಮನೆಂದೇ ಹೇಳಬೇಕು.

ಈ ಏರ್ಪಾಟಿನ ಜಾಣ್ಮೆ ಸರಳವಾದದ್ದು. ಕದ ಒಳಕ್ಕೆ ತೆರೆಯುವುದಾದರೆ ಅದನ್ನು ಮುಚ್ಚಲು ಒಳಗಿದ್ದವನು ಹೊರಗೆ ಕಾಲಿಡಬೇಕಾಗಿಲ್ಲ. ಹಿಂದೆ ನಿಂತು ಹೆಗಲು ಕೊಟ್ಟರೆ ಸಾಕು. ಹೊರಕ್ಕೆ ತೆರೆಯುವ ಕದವನ್ನಾದರೋ ಕೈ ಚಾಚಿ ಎಳೆದುಕೊಳ್ಳಬೇಕು. ಅಷ್ಟರಲ್ಲಿ ಹೊರಗಿನವನು ಅಡ್ಡ ನಿಂತರೆ, ಒಂದು ಕಲ್ಲುಗುಂಡನ್ನು ಉರುಳಿಸಿದರೆ ತೀರಿತು. ಅಲ್ಲದೆ, ತಿರುಗುವ ಗೂಟಗಳು ಹೊರಗೆ ಕಾಣುವಂತಿದ್ದರೆ ಹಾರೆಯಿಂದ ಮೀಟುವುದು ಸುಲಭ. ಹೊರಕ್ಕೆ ತೆರೆಯುವ ಕದಕ್ಕೂ ಒಂದು ಬಲವುಂಟು. ತಳ್ಳಿದಷ್ಟೂ ಅದು ಚೌಕಟ್ಟಿಗೇ ಒತ್ತಿಕೊಳ್ಳುತ್ತದೆ. ಆದರೆ ಅದು ಮುಚ್ಚಿದ ಮೇಲಿನ ಮಾತು. ದಾಳಿಯ ದಿನ ಮುಖ್ಯವಾಗುವುದು ಮುಚ್ಚುವ ಆ ಒಂದು ಗಳಿಗೆ.

ದಾಳಿಗೆ ಈ ಸೀಮೆಯಲ್ಲಿ ಬರವಿರಲಿಲ್ಲ. ಚಿತ್ರದುರ್ಗ, ರಾಯದುರ್ಗ, ಹರಪನಹಳ್ಳಿಗಳ ಪಾಳೆಯಗಾರರ ಕದನಗಳು, ಮರಾಠರ ಕುದುರೆದಂಡುಗಳು, ಮೈಸೂರಿನ ಸೈನ್ಯಗಳು ಎಲ್ಲವೂ ಈ ತೆರೆದ ಬಯಲನ್ನು ತುಳಿದೇ ಹೋದವು. 1779ರಲ್ಲಿ ಹೈದರಾಲಿ ಚಿತ್ರದುರ್ಗವನ್ನು ಗೆದ್ದಾಗ ಇಪ್ಪತ್ತು ಸಾವಿರ ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದನೆಂದು ವಿಲ್ಕ್ಸ್ ಬರೆದಿದ್ದಾನೆ. ಕೋಟೆ ಬಿದ್ದಾಗ ಹಳ್ಳಿಗೆ ದಿಕ್ಕು ಯಾರು? ಊರಿಗೊಂದು ಅಗಸೆ, ಮನೆಗೊಂದು ಕದ, ಕದಕ್ಕೊಂದು ಲಾಳಮುಂಡಿಗೆ. ‘ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು’ ಎಂಬ ಗಾದೆಯನ್ನು ನಾವು ಈಗ ನಗುತ್ತ ಆಡುತ್ತೇವೆ. ಅದನ್ನು ಕಟ್ಟಿದವರು ನಗುತ್ತ ಕಟ್ಟಿರಲಾರರು.

ಭಯವೊಂದೇ ಕಾರಣವೆಂದರೆ ಅರ್ಧ ಸತ್ಯವಾಗುತ್ತದೆ. ಈ ಕಡೆಯ ಹಳೆಯ ಮನೆಯ ಸ್ವರೂಪವನ್ನು ನೆನೆಯಿರಿ. ದಪ್ಪ ಕಲ್ಲುಮಣ್ಣಿನ ಗೋಡೆ, ಮೇಲೆ ಕರಲು ಮಣ್ಣು ಹೊದಿಸಿದ ಮಾಳಿಗೆ, ಒಂದೆರಡು ಬೆಳಕಿಂಡಿ, ಕಿಟಕಿ ಇದ್ದರೂ ಇಲ್ಲದ ಹಾಗೆ. ಬೆಳಕೂ ಗಾಳಿಯೂ ಬರಬೇಕಾದದ್ದು ತಲೆಬಾಗಿಲಿನಿಂದಲೇ. ಆದಕಾರಣ ಹಗಲೆಲ್ಲ ಬಾಗಿಲು ತೆರೆದಿರಬೇಕು. ಹಗಲಲ್ಲಿ ಕದ ಹಾಕಿದ ಮನೆಯೆಂದರೆ ಅಲ್ಲಿ ಏನೋ ಕೇಡಾಗಿದೆಯೆಂದೇ ಲೆಕ್ಕ. ಬಾಗಿಲ ಎರಡು ಪಕ್ಕಕ್ಕೂ ಜಗಲಿ, ಮುಂದೆ ಸಾರಿಸಿ ರಂಗೋಲಿ ಇಟ್ಟ ನೆಲ. ಕದ ಹೊರಕ್ಕೆ ತೆರೆದರೆ ಜಗಲಿಯ ಮೇಲೆ ಕುಳಿತವನ ಮೊಣಕಾಲಿಗೆ ಬಡಿಯುತ್ತದೆ; ಮೆಟ್ಟಿಲ ಮೇಲೆ ನಿಂತ ನೆಂಟ ಹಿಂದಕ್ಕೆ ಸರಿಯಬೇಕಾಗುತ್ತದೆ. ಆಷಾಢದಲ್ಲಿ ಈ ಬಯಲಿನ ಮೇಲೆ ಬೀಸುವ ಗಾಳಿಗೆ ಹೊರಗೆ ಚಾಚಿದ ಕದ ಕಿತ್ತು ಹೋಗುವ ಹಾಗೆ ಬಡಿದುಕೊಳ್ಳುತ್ತದೆ. ಬೇಸಿಗೆಯ ಬಿಸಿಲಿಗೆ ಬಿರಿಯುತ್ತದೆ. ಒಳಕ್ಕೆ ತೆರೆಯುವ ಕದದ ದೊಡ್ಡ ದೋಷವೆಂದರೆ ಎರಚಲಿನ ಮಳೆನೀರು ಅದರಡಿಯಿಂದ ಒಳಗೆ ಬರುವುದು. ಆದರೆ ರಾಜ್ಯದಲ್ಲಿಯೇ ತೀರ ಕಡಿಮೆ ಮಳೆ ಬೀಳುವ ಸೀಮೆಗಳಲ್ಲೊಂದಾದ ಇಲ್ಲಿ ಆ ದೋಷವನ್ನು ಯಾರು ಲೆಕ್ಕಿಸುತ್ತಾರೆ?

ಒಳಗಿನ ಜಾಗ ನಷ್ಟವಾಗುವುದಿಲ್ಲವೆ ಎಂದು ಕೇಳಬಹುದು. ಮೂರಡಿ ಅಗಲದ ಒಂಟಿ ಕದ ತಿರುಗಲು ಸುಮಾರು ಏಳು ಚದರಡಿ ನೆಲ ಬೇಕು. ಅದನ್ನೇ ಒಂದೂವರೆ ಅಡಿಯ ಜೋಡಿ ಕದವಾಗಿ ಮಾಡಿದರೆ ಮೂರೂವರೆ ಚದರಡಿ ಸಾಕು. ಜೋಡಿ ಕದ ಬರಿಯ ಅಂದಕ್ಕಾಗಿ ಹುಟ್ಟಿದ್ದಲ್ಲವೆಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ಒಳಗೆ ಕಾಲಿಟ್ಟ ಕೂಡಲೆ ಮಗ್ಗದ ಕುಣಿ ಎದುರಾಗುವ ನೇಕಾರನ ಮನೆಯಲ್ಲಿ ಈ ಮೂರೂವರೆ ಅಡಿಗೆ ಬೆಲೆಯುಂಟು.

ಭಾಷೆಯೂ ಇದಕ್ಕೆ ಸಾಕ್ಷಿ ನುಡಿಯುತ್ತದೆ. ‘ಬಾಗಿಲು’ ಎಂಬುದು ತೆರಪಿನ ಹೆಸರು, ‘ಕದ’ ಎಂಬುದು ಹಲಗೆಯ ಹೆಸರು. ತಮಿಳಿನ ‘ವಾಯಿಲ್’, ತೆಲುಗಿನ ‘ವಾಕಿಲಿ’ಗಳು ನಮ್ಮ ಬಾಗಿಲಿನ ಒಡಹುಟ್ಟುಗಳು, ‘ಬಾಯಿ’ ಎಂಬ ಶಬ್ದಕ್ಕೂ ಇವಕ್ಕೂ ನಂಟುಂಟೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಕನ್ನಡವೂ ತೆಲುಗೂ ಬೆರೆತು ಹರಿಯುವ ಮೊಳಕಾಲ್ಮೂರಿನ ಕಡೆ ಕದಕ್ಕೆ ‘ತಲುಪು’ ಎಂಬ ತೆಲುಗು ಮಾತೂ ಕಿವಿಗೆ ಬೀಳುತ್ತದೆ. ಇವೆಲ್ಲಕ್ಕಿಂತ ನನಗೆ ಸೊಗಸೆನಿಸುವುದು ನಮ್ಮ ಹೆಂಗಸರ ಬಾಯಲ್ಲಿರುವ ಒಂದು ಮಾತು: ‘ಬಾಗಿಲು ಮುಂದಕ್ಕೆ ಮಾಡಿಕೊಂಡು ಹೋಗಪ್ಪ.’ ಮುಚ್ಚು ಎನ್ನಲು ಬಾಯಿ ಬಾರದೆ ಆಡುವ ನಯದ ಮಾತಿದು. ಆದರೆ ಮುಚ್ಚುವುದೆಂದರೆ ‘ಮುಂದಕ್ಕೆ’ ಆಗುವುದು ಹೇಗೆ? ನಡುಮನೆಯಲ್ಲಿ ಕುಳಿತು ಬೀದಿಯ ಕಡೆ ಮುಖ ಮಾಡಿದವರಿಗೆ, ಒಳಗಿನ ಗೋಡೆಗೆ ಒರಗಿದ ಕದ ಬೀದಿಯ ಕಡೆ, ಎಂದರೆ ಮುಂದಕ್ಕೆ, ಸರಿದರೆ ಬಾಗಿಲು ಮುಚ್ಚುತ್ತದೆ. ಕದ ಹೊರಕ್ಕೆ ತೆರೆಯುವ ನಾಡಿನಲ್ಲಿ ಈ ಮಾತು ಹುಟ್ಟುತ್ತಿರಲಿಲ್ಲ.

ಅಂಥ ನಾಡುಗಳೂ ಇವೆ. ಜಪಾನಿನ ಇಂದಿನ ಮನೆಗಳಲ್ಲಿ ಹೊರಬಾಗಿಲ ಕದ ಸಾಮಾನ್ಯವಾಗಿ ಹೊರಕ್ಕೆ ತೆರೆಯುತ್ತದೆ. ಒಳಗೆ ಕಾಲಿಟ್ಟೊಡನೆ ಕೆರ ಬಿಡುವ ತಗ್ಗುನೆಲವಿರುವುದರಿಂದ ಅಲ್ಲಿ ಕದ ತಿರುಗಲು ಎಡೆಯಿಲ್ಲ. ಬಿರುಗಾಳಿಗೆ ಹೆಸರಾದ ಅಮೆರಿಕದ ದಕ್ಷಿಣ ಫ್ಲಾರಿಡಾದಲ್ಲಿಯೂ ಹೊರಕ್ಕೆ ತೆರೆಯುವ ಕದಗಳೇ ಹೆಚ್ಚು. ಗಾಳಿ ಒತ್ತಿದಷ್ಟೂ ಕದ ಚೌಕಟ್ಟಿಗೆ ಬಿಗಿಯಾಗುತ್ತದೆ. ಪುರಾತನ ಗ್ರೀಸಿನಲ್ಲಿಯೋ, ಇದು ತೆರಿಗೆಯ ವಿಷಯವೇ ಆಗಿತ್ತು. ಅಥೆನ್ಸಿನ ಹಿಪ್ಪಿಯಾಸನೆಂಬ ನಿರಂಕುಶ ಪ್ರಭು ಬೀದಿಯ ಮೇಲೆ ಚಾಚಿದ ಉಪ್ಪರಿಗೆ, ಮೆಟ್ಟಿಲುಗಳ ಜತೆಗೆ ಹೊರಕ್ಕೆ ತೆರೆಯುವ ಕದಗಳಿಗೂ ಹಣ ಕಟ್ಟಿಸಿಕೊಂಡನೆಂದು ಅರಿಸ್ಟಾಟಲನ ಹೆಸರಿನಲ್ಲಿ ಬಂದಿರುವ ಅರ್ಥಶಾಸ್ತ್ರದ ಗ್ರಂಥವೊಂದು ಹೇಳುತ್ತದೆ. ಬೀದಿ ಎಲ್ಲರದು, ಅದರ ಮೇಲೆ ಕದ ಬೀಸುವವನು ಎಲ್ಲರ ಸ್ವತ್ತನ್ನು ಬಳಸಿದಂತೆ ಎಂಬುದು ಅವನ ವಾದವಿರಬೇಕು. ರೋಮಿನಲ್ಲಿ ಇದೇ ಒಂದು ಮರ್ಯಾದೆಯಾಯಿತು. ಯುದ್ಧದಲ್ಲಿ ಗೆದ್ದ ಮಾರ್ಕಸ್ ವಲೇರಿಯಸನಿಗೆ ಮನೆ ಕಟ್ಟಿಸಿಕೊಟ್ಟಾಗ, ಅದರ ಕದ ಬೀದಿಗೆ ತೆರೆಯುವಂತೆ ಇಡಲು ಅಪ್ಪಣೆಯಾಯಿತೆಂದು ಪ್ಲೂಟಾರ್ಕ್ ಬರೆಯುತ್ತಾನೆ. ಗ್ರೀಕ್ ಪ್ರಹಸನಗಳಲ್ಲಿ ಹೊರಗೆ ಬರುವವನು ತನ್ನ ಕದವನ್ನು ತಾನೇ ಒಳಗಿನಿಂದ ತಟ್ಟುವುದು ದಾರಿಹೋಕರಿಗೆ ಎಚ್ಚರಿಕೆ ಕೊಡಲಿಕ್ಕೆ ಎಂಬ ಅವನ ಊಹೆ ಮೋಜಿನದು. ನಮ್ಮಲ್ಲಿ ಹೊರಗಿನವನು ಕದ ತಟ್ಟಿದರೆ ಅಲ್ಲಿ ಒಳಗಿನವನು ತಟ್ಟಬೇಕು!

ಇಲ್ಲಿಯವರೆಗೆ ಹೇಳಿದ್ದೆಲ್ಲ ಒಂದು ಮನೆಯ, ನಾಲ್ಕಾರು ಜನರ ಮಾತು. ಜನ ನೂರಾರು ಆದಾಗ ಇದೇ ಕದ ಬೇರೆಯಾಗುತ್ತದೆ. 1883ರ ಜೂನ್ 16ರಂದು ಇಂಗ್ಲೆಂಡಿನ ಸಂಡರ್‌ಲೆಂಡ್ ಊರಿನ ವಿಕ್ಟೋರಿಯಾ ಹಾಲಿನಲ್ಲಿ ಮಕ್ಕಳಿಗಾಗಿ ಆಟವೊಂದು ನಡೆದಿತ್ತು. ಕೊನೆಯಲ್ಲಿ ಉಡುಗೊರೆ ಹಂಚುವರೆಂದು ಕೇಳಿ ಮೇಲಿದ್ದ ಮಕ್ಕಳು ಮೆಟ್ಟಿಲಿಳಿದು ಓಡಿಬಂದರು. ಕೆಳಗಿದ್ದ ಕದ ಅವರ ಕಡೆಗೆ ತೆರೆಯುವಂಥದು. ಒಬ್ಬೊಬ್ಬರೇ ಹೋಗಲೆಂದು ಅದನ್ನು ಸ್ವಲ್ಪವೇ ತೆರೆದು ಅಗುಳಿ ಹಾಕಿದ್ದರು. ಮುಂದಿನವರು ಸಿಕ್ಕಿಕೊಂಡರು, ಹಿಂದಿನವರು ಒತ್ತಿದರು. 183 ಮಕ್ಕಳು ಅಲ್ಲಿ ಉಸಿರುಗಟ್ಟಿ ಸತ್ತರು. ಬೆಂಕಿಯಿರಲಿಲ್ಲ, ಶತ್ರುವಿರಲಿಲ್ಲ, ಒಂದು ಕದವಿತ್ತು. 1903ರ ಡಿಸೆಂಬರ್ 30ರಂದು ಷಿಕಾಗೋದ ಇರೋಕ್ವಾ ನಾಟಕಶಾಲೆಗೆ ಬೆಂಕಿ ಬಿದ್ದು ಆರು ನೂರು ಜನ ಸತ್ತಾಗಲೂ ಹಲವು ಕದಗಳು ಒಳಕ್ಕೆ ತೆರೆಯುವಂಥವಾಗಿದ್ದವು, ಕೆಲವಕ್ಕೆ ಬೀಗ ಹಾಕಿತ್ತು. ಒಳಗಿನವನ ಅಧಿಕಾರವೆಂದು ನಾವು ಹೊಗಳಿದ ಕದ ಇಲ್ಲಿ ಒಳಗಿನವರ ಕೈಗೇ ಸಿಕ್ಕಲಿಲ್ಲ. ಅದನ್ನು ತೆರೆಯಲು ಒಂದು ಹೆಜ್ಜೆ ಹಿಂದೆ ಸರಿಯಬೇಕು. ನೂಕುನುಗ್ಗಲಿನಲ್ಲಿ ಹಿಂದಕ್ಕೆ ಸರಿಯಲು ಯಾರಿಂದಾದೀತು?

ಇಂಥ ಸಾವುಗಳಿಂದಲೇ ಜಗತ್ತು ಪಾಠ ಕಲಿತು, ಸಭಾಭವನಗಳ ಕದಗಳನ್ನು ಹೊರಕ್ಕೆ ತಿರುಗಿಸಿತು. ನಮ್ಮ ದೇಶದಲ್ಲಿ 1970ರಲ್ಲಿ ಮೊದಲು ಹೊರಬಂದು ಮುಂದೆ ಹಲವು ಸಲ ಪರಿಷ್ಕೃತವಾದ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಇದನ್ನೇ ಹೇಳುತ್ತದೆ: ಹೊರದಾರಿಯ ಕದಗಳು ಹೊರಕ್ಕೆ, ಎಂದರೆ ಕೋಣೆಯಿಂದ ಆಚೆಗೆ, ತೆರೆಯಬೇಕು, ತೆರೆದಾಗ ಹಾದಿಗೆ ಅಡ್ಡವಾಗಬಾರದು. ಹೇಳುವುದು ಬೇರೆ, ನಡೆಯುವುದು ಬೇರೆ. 1995ರ ಡಿಸೆಂಬರ್ 23ರಂದು ಹರಿಯಾಣದ ಡಬ್ವಾಲಿಯಲ್ಲಿ ಶಾಲೆಯ ವಾರ್ಷಿಕೋತ್ಸವ ನಡೆಯುತ್ತಿದ್ದ ಮದುವೆ ಮಂಟಪಕ್ಕೆ ಬೆಂಕಿ ಬಿದ್ದು, ಹೊರಬೀಳಲು ದಾರಿ ಸಾಲದೆ ನಾನೂರಕ್ಕೂ ಹೆಚ್ಚು ಜನ, ಅವರಲ್ಲಿ ಬಹುಮಂದಿ ಮಕ್ಕಳು, ಸತ್ತರು.

ಚಳ್ಳಕೆರೆಯ ಬಯಲಿನವರಿಗೆ ಈ ಪಾಠವನ್ನು ಸಂಡರ್‌ಲೆಂಡಿನಿಂದ ಕಲಿಯಬೇಕಾಗಿರಲಿಲ್ಲ ಎಂಬುದೇ ಸೋಜಿಗ. ಇದು ಕುರಿಯ ಸೀಮೆ, ಕಂಬಳಿಯ ಸೀಮೆ. ಮೊಳಕಾಲ್ಮೂರಿನ ಕಡೆಯ ಒಬ್ಬ ಹಿರಿಯ ಬಡಗಿಯನ್ನು ನಾನು, ‘ಆಚಾರ್ರೇ, ತಲೆಬಾಗಿಲ ಕದ ಹೊರಕ್ಕೆ ತೆರೆಯೋ ಹಾಗೆ ಎಂದಾದರೂ ಮಾಡಿದ್ದೀರಾ?’ ಎಂದು ಕೇಳಿದೆ. ಅವರು ನಕ್ಕು, ‘ಮೇಷ್ಟ್ರೇ, ಹೊರಕ್ಕೆ ತೆಗಿಯಾದು ಮನೆಗಲ್ಲ, ಕುರಿ ರೊಪ್ಪಕ್ಕೆ’ ಎಂದರು. ಏಕೆಂದರೆ ಬೆಳಗಿನ ಹೊತ್ತು ರೊಪ್ಪದ ಕುರಿಗಳೆಲ್ಲ ಬಾಗಿಲಿಗೇ ಒತ್ತಿಕೊಂಡು ನಿಲ್ಲುತ್ತವೆ. ತಡಿಕೆಯನ್ನು ಒಳಕ್ಕೆ ತಳ್ಳುವಂತಿಲ್ಲ. ತಳ್ಳಿದರೆ ಮುಂದಿನ ಮರಿ ಅಡಿಗೆ ಬೀಳುತ್ತದೆ. ಹೊರಕ್ಕೆ ಎಳೆದರೆ ಮಂದೆ ತಾನಾಗಿ ಹರಿದು ಬರುತ್ತದೆ. ಎಷ್ಟೋ ಸಾವುಗಳ ಮೇಲೆ ಕಟ್ಟಡ ಸಂಹಿತೆ ಬರೆದದ್ದನ್ನು ಕುರುಬನು ತನ್ನ ಮರಿಗಳ ಮೇಲಿನ ಕರುಣೆಯಿಂದ ತಿಳಿದಿದ್ದ. ಮನೆಗೊಂದು ನ್ಯಾಯ, ರೊಪ್ಪಕ್ಕೊಂದು ನ್ಯಾಯ ಎಂಬ ವಿವೇಕ ಈ ನೆಲದಲ್ಲಿ ಮೊದಲೇ ಇತ್ತು.

ಈಗ ಆ ವಿವೇಕ ತಲೆಕೆಳಗಾಗುತ್ತಿರುವುದೇ ಈ ಲೇಖನಕ್ಕೆ ಕಾರಣ. ಹೊಸ ಮನೆಗಳಿಗೆ ಜಗಲಿಯಿಲ್ಲ. ಮೆಟ್ಟಿಲ ಕೆಳಗೇ ಚರಂಡಿ, ಚರಂಡಿಯಾಚೆಗೇ ರಸ್ತೆ. ತಲೆಬಾಗಿಲ ಮರದ ಕದ ಹಿಂದಿನಂತೆ ಒಳಕ್ಕೆ. ಅದರ ಮುಂದೆ ಕಬ್ಬಿಣದ ಗ್ರಿಲ್ಲು ಹೊರಕ್ಕೆ. ಅದಕ್ಕೊಂದು ಬೀಗ, ಬೀಗದ ಕೈ ಯಾರ ಜೇಬಿನಲ್ಲೋ. ಹಿಂದೆ ಹಿತ್ತಲ ಬಾಗಿಲೆಂಬ ಇನ್ನೊಂದು ದಾರಿಯಾದರೂ ಇತ್ತು. ಈಗ ಹಿತ್ತಲೇ ಇಲ್ಲ. ಹಿಂದಿನ ಮನೆಗೆ ಅಪಾಯ ಹೊರಗಿನಿಂದ ಬರುತ್ತಿತ್ತು. ಇಂದಿನ ಮನೆಯ ಅಪಾಯ ಅಡಿಗೆಮನೆಯ ಅನಿಲದ ಸಿಲಿಂಡರಿನಲ್ಲಿ, ಗೋಡೆಯೊಳಗಿನ ವಿದ್ಯುತ್ತಿನ ತಂತಿಯಲ್ಲಿ ಒಳಗೇ ಕುಳಿತಿದೆ. ಕಳ್ಳನಿಗೆಂದು ಹಾಕಿದ ಬೀಗ ಅಂದು ಮನೆಯವರನ್ನೇ ಹಿಡಿದಿಡುತ್ತದೆ. ವಾಸ್ತು ಹೇಳುವವರು ಕದ ಬಲಕ್ಕೆ ತಿರುಗಬೇಕೋ ಎಡಕ್ಕೋ ಎಂದು ವಾದಿಸುತ್ತಾರೆ. ಒಳಗಿನ ಮುದುಕಿ ಕತ್ತಲಲ್ಲಿ ಅದನ್ನು ತೆರೆಯಬಲ್ಲಳೇ ಎಂದು ಕೇಳುವವರು ಕಡಿಮೆ.

ಇದಕ್ಕಿಂತ ಹೆಚ್ಚು ಅಂಜಿಕೆ ಹುಟ್ಟಿಸುವುದು ನಮ್ಮ ಕಲ್ಯಾಣಮಂಟಪಗಳು. ಸಣ್ಣ ಪಟ್ಟಣಗಳಲ್ಲಿಯೂ ಇಂದು ಸಾವಿರ ಜನ ಕೂರುವ ಮಂಟಪಗಳೆದ್ದಿವೆ. ಹಲವಕ್ಕೆ ಹಳೆಯ ದೊಡ್ಡಮನೆಗಳನ್ನು ನೋಡಿಯೇ ಮಾಡಿಸಿದ ಕೆತ್ತನೆಯ ಜೋಡಿ ಕದ. ಅದೂ ದೊಡ್ಡಮನೆಯ ಹಾಗೆಯೇ ಒಳಕ್ಕೆ ತೆರೆಯುತ್ತದೆ. ನೋಡಲು ಗಂಭೀರವಾಗಿದೆ, ಸಂದೇಹವಿಲ್ಲ. ಆದರೆ ದೊಡ್ಡಮನೆಯ ಕದದ ಹಿಂದೆ ಹತ್ತು ಜನರಿದ್ದರು, ಇಲ್ಲಿ ಸಾವಿರ ಜನರಿದ್ದಾರೆ. ಮನೆಯ ಗಾಂಭೀರ್ಯವನ್ನು ಮಂಟಪಕ್ಕೆ ತಂದವರು ರೊಪ್ಪದ ವಿವೇಕವನ್ನು ಅದರ ಜತೆಗೆ ತರಲಿಲ್ಲ.

ಆದ್ದರಿಂದ ನನ್ನ ತೀರ್ಮಾನ ಇಷ್ಟು. ಮನೆಯ ತಲೆಬಾಗಿಲ ಕದ ಒಳಕ್ಕೇ ತೆರೆಯಲಿ. ನಾಲ್ಕು ಜನ ಹೊರಬರಲು ಅದು ಅಡ್ಡಿಯಲ್ಲ, ನೆಂಟನಿಗೆ ಅದು ಮರ್ಯಾದೆ, ಬೀದಿಗೆ ಅದು ನ್ಯಾಯ. ಆದರೆ ಅದರ ಮುಂದಿನ ಗ್ರಿಲ್ಲಿಗೆ ರಾತ್ರಿ ಬೀಗ ಹಾಕುವವರು, ಮನೆಯ ಮಕ್ಕಳ ಕೈಗೂ ಎಟಕುವ ಮೊಳೆಯೊಂದಕ್ಕೆ ಅದರ ಕೀಲಿಯನ್ನು ನೇತುಹಾಕಲಿ. ಹಿತ್ತಲಿಗೆ ಒಂದು ಗಜ ನೆಲವಿದ್ದರೂ ಅಲ್ಲಿ ಒಂದು ಬಾಗಿಲಿರಲಿ. ಶಾಲೆ, ಮಂಟಪ, ಸಭಾಭವನಗಳ ಕದಗಳು ಮಾತ್ರ ಹೊರಕ್ಕೇ ತೆರೆಯಬೇಕು. ಈಗಿರುವವನ್ನು ಕೀಲು ಕಿತ್ತು ತಿರುಗಿಸಬೇಕು. ಒಬ್ಬ ಬಡಗಿಯ ಒಂದೆರಡು ದಿನದ ಕೆಲಸ ಅದು. ಮುಂದಿನ ಮದುವೆಯ ಕಾಲಕ್ಕೆ ಮುಂಚೆ ಮಂಟಪದ ಯಜಮಾನರು ಅಷ್ಟು ಮಾಡಿಸಿದರೆ, ದಿಡ್ಡಿ ಬಾಗಿಲಿನ ಗಾದೆಯನ್ನು ನಮಗೆ ನಾವೇ ಹೇಳಿಕೊಳ್ಳುವ ದಿನ ಬಾರದು.